ಬೀಳ್ಕೊಡುಗೆಯ ಕುಲಾವಿ

ತಾನು ನಿವೃತ್ತಳಾಗಿರುವ ಸುದ್ದಿಯನ್ನು ಪೊಲೋನಾ ಪತ್ರಿಕೆ ಓದಿ ತಿಳಿದುಕೊಂಡಳು. ಸ್ಕೀ ರೇಸಿನ ದಿನ ಬೆಳಗ್ಗೆ, ಅಮ್ಮನ ಅಡುಗೆಮನೆಯಲ್ಲಿ, ಒಂದು ಕಾಲಿಗೆ ಕಾಲುಚೀಲ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದಾಗ. ‘ಇಂದು ಬೆಲ್ನೊ ಗುಡ್ಡದಲ್ಲಿ ಕೊನೆಯ ಓಟ. ಹೋಗಿ ಬಾ, ನಮ್ಮ ಪೊಲೋನಾ’ ಎಂದು ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಕೆಳಗೆ ಹತ್ತು ವರ್ಷ ಹಳೆಯ ಫೋಟೊ, ತೋಳಿನಲ್ಲಿ ವಿಶ್ವಕಪ್ಪಿನ ಸ್ಫಟಿಕದ ಗೋಳ, ಮುಖದ ತುಂಬ ನಗು.

“ಅಮ್ಮಾ, ಇದನ್ನ ಇವ್ರಿಗೆ ಹೇಳಿದ್ಯಾರು?”

ಅಮ್ಮ ಒಲೆಯ ಮುಂದೆ ಮೆಕ್ಕೆಜೋಳದ ಹಿಟ್ಟು ತಿರುವುತ್ತಿದ್ದಳು. ತಿರುಗಿ ನೋಡಲಿಲ್ಲ. “ನಿನ್ನ ಕೋಚ್ ಸಿಲ್ವೊನೇ ಹೇಳಿದ್ನಂತೆ. ನೀನೇ ಹೇಳ್ಸಿದೀಯ ಅಂದ್ಕೊಂಡೆ ಕಣೇ. ಅವ್ನೇ ಮನೆಗೆ ಬಂದು, ಅಜ್ಜಿ ಲಂಗ, ಕುಲಾವಿ ಎಲ್ಲ ತೆಗೆದಿಡಿ ಅಂದ. ಶುಕ್ರವಾರದಿಂದ ಆ ಕುಲಾವಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿ ನನ್ನ ಸೊಂಟ ಬಿದ್ದೋಯ್ತು.”

“ನನ್ನ ಒಂದ್ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಂಗೆ?”

“ನಿನ್ನ ಏನ್ ಕೇಳೋದು? ಕೇಳಿದ್ರೆ ಹಾರಾಡ್ತೀಯ.”

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಎಲ್ಲರೂ ಕಂಡಿದ್ದೇವೆ. ಬೆಲ್ನೊ ಊರಿನವರು ಅವರನ್ನೂ ಮೀರಿಸಿದವರು. ಆಳು ಹೊರಡುತ್ತೇನೆ ಎನ್ನುವ ಮುಂಚೆಯೇ ಬೀಳ್ಕೊಡುಗೆಯ ಕುಲಾವಿಗೆ ಇಸ್ತ್ರಿ ಹಾಕಿ ಕಾದುಕೊಂಡಿರುತ್ತಾರೆ.

ಸ್ಕೀ ಓಟಗಾರರಲ್ಲಿ ಹೀಗೊಂದು ಪದ್ಧತಿಯಿದೆ. ಆಟ ಸಾಕೆಂದು ತೀರ್ಮಾನಿಸಿದವರು ಕೊನೆಯ ಸಲ ಇಳಿಯುವಾಗ ಗಡಿಯಾರದ ಗೊಡವೆಗೆ ಹೋಗುವುದಿಲ್ಲ. ಅಜ್ಜಿಯ ಕಾಲದ ಕಪ್ಪು ಲಂಗ ಉಟ್ಟು, ಗಂಜಿ ಹಾಕಿದ ಬಿಳಿ ಕುಲಾವಿ ತೊಟ್ಟು, ಜನರಿಗೆ ಕೈಬೀಸುತ್ತ ಬರುತ್ತಾರೆ. ನಡುದಾರಿಯಲ್ಲಿ ನಿಂತು ಕೋಚಿನ ಕೈಯಿಂದ ಒಂದು ಗುಟುಕು ಪ್ಲಮ್ ಹಣ್ಣಿನ ಸಾರಾಯಿ ಕುಡಿದು, ಅವನನ್ನು ತಬ್ಬಿಕೊಂಡು ಅತ್ತು, ಆಮೇಲೆ ನಿಧಾನಕ್ಕೆ ಕೆಳಗಿಳಿಯುತ್ತಾರೆ. ಬ್ಯಾಂಡು ಬಾರಿಸುತ್ತದೆ, ನೆರೆದವರೆಲ್ಲ ಕಣ್ಣೊರೆಸಿಕೊಳ್ಳುತ್ತಾರೆ. ಚೆಂದದ ಪದ್ಧತಿಯೇ, ತಾವಾಗಿ ಸಾಕೆಂದವರಿಗೆ.

ಪೊಲೋನಾ ಸಾಕೆಂದಿರಲಿಲ್ಲ. ಅವಳಿಗೆ ಮೂವತ್ನಾಲ್ಕು ವರ್ಷ, ಬಲಮಂಡಿಗೆ ಮೂರು ಆಪರೇಷನ್ ಆಗಿತ್ತು, ನಿಜ. ವಿಶ್ವಕಪ್ಪಿನ ಹನ್ನೊಂದು ಗೆಲುವು, ಒಲಿಂಪಿಕ್ಸಿನ ಬೆಳ್ಳಿ, ಎಲ್ಲ ಹಳೆಯ ಕಥೆ, ಅದೂ ನಿಜ. ಆದರೆ ಸ್ಕೀ ಒಕ್ಕೂಟದ ನಿಯಮ ಸರಳವಾಗಿತ್ತು. ಇಡೀ ಚಳಿಗಾಲದಲ್ಲಿ ಒಂದೇ ಒಂದು ಸಲ ಮೊದಲ ಹದಿನೈದರೊಳಗೆ ಬಂದರೆ ಮುಂದಿನ ವರ್ಷ ತಂಡದಲ್ಲಿ ಜಾಗ, ಇಲ್ಲದಿದ್ದರೆ ಇಲ್ಲ. ಈ ವರ್ಷ ಅವಳು ಒಮ್ಮೆ ಹದಿನೇಳನೆಯವಳಾಗಿ ಬಂದಿದ್ದಳು, ಅದೇ ಅತಿ ಹೆಚ್ಚು. ಹಿಮದಲ್ಲಿ ನೆಟ್ಟ ಕಂಬಗಳ ನಡುವೆ ಬಳುಕುತ್ತ ಇಳಿಯುವ ಸ್ಲಾಲಂ ಓಟಗಳಲ್ಲಿ ಇದು ಈ ವರ್ಷದ ಕೊನೆಯದು, ಅದೂ ತನ್ನ ಊರಿನ ಗುಡ್ಡದಲ್ಲಿ. ಅವಳಿಗೆ ಬೇಕಿದ್ದದ್ದು ಹದಿನೈದನೆಯ ಸ್ಥಾನ. ಒಂದು ಕಾಲಕ್ಕೆ ಎರಡನೆಯ ಸ್ಥಾನ ಬಂದರೂ ಊಟ ಬಿಡುತ್ತಿದ್ದವಳು ಈಗ ಹದಿನೈದಕ್ಕೆ ಹಲ್ಲು ಕಚ್ಚಿ ಕೂತಿದ್ದಳು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಅವಳಿಗೆ ಕಾಣುತ್ತಿರಲಿಲ್ಲ.

ತಟ್ಟೆ ಮುಟ್ಟದೆ ಹೊರಗೆ ಬಂದರೆ ಬೀದಿಯಲ್ಲಿ ಹಬ್ಬ. ಅವಳು ಗೆದ್ದಾಗ ಗುಡ್ಡ ಹತ್ತಿಸುವ ಲಿಫ್ಟಿಗೆ ಅವಳ ಹೆಸರಿಟ್ಟಿದ್ದ ಜನ ಈಗ ಅದೇ ಲಿಫ್ಟಿನ ಕಂಬಕ್ಕೆ ‘ಧನ್ಯವಾದಗಳು’ ಎಂಬ ಬ್ಯಾನರ್ ಕಟ್ಟಿದ್ದರು. ಮಾಂಸದಂಗಡಿಯವನು ಅವಳ ಕೈ ಹಿಡಿದು ಬಿಕ್ಕಿದ. ಬೇಕರಿಯವಳು ಅಕ್ರೋಟು ರೊಟ್ಟಿಯ ಸುರುಳಿಯೊಂದನ್ನು ಕೈಗಿತ್ತು, “ಇನ್ಮೇಲಾದ್ರೂ ಹೊಟ್ಟೆ ತುಂಬ ತಿನ್ನಮ್ಮಾ” ಎಂದಳು. “ನಾನು ಬಿಟ್ಟಿಲ್ಲ ಕಣ್ರೀ” ಎಂದರೆ ಯಾರೂ ಕೇಳಿಸಿಕೊಳ್ಳಲಿಲ್ಲ, ಪಾಪ ಸಂಕಟಕ್ಕೆ ಹಾಗೆ ಹೇಳುತ್ತಾಳೆ ಎಂದುಕೊಂಡು ಇನ್ನಷ್ಟು ಅತ್ತರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಊರು ಅದು, ಅದರಲ್ಲೂ ಪತ್ರಿಕೆಯಲ್ಲಿ ಬಂದ ಮೇಲೆ ಕೇಳಬೇಕೆ?

ಮೊದಲ ಓಟ ಕೆಟ್ಟಿತು. ಸಿಟ್ಟು ಕಾಲಿಗೆ ಇಳಿಯಬೇಕಾದದ್ದು ತಲೆಯಲ್ಲೇ ಕೂತುಬಿಟ್ಟಿತ್ತು. ಆರನೆಯ ಕಂಬದಲ್ಲಿ ಜಾರಿ, ಎದ್ದು ಸಾವರಿಸಿಕೊಳ್ಳುವಷ್ಟರಲ್ಲಿ ಒಂದು ಸೆಕೆಂಡು ಕಳೆದಿತ್ತು. ಫಲಕದಲ್ಲಿ ಮೂವತ್ತು ಎಂದು ತೋರಿಸಿತು. ಎರಡು ಓಟಗಳ ಸಮಯ ಕೂಡಿಸಿ ಸ್ಥಾನ ಕೊಡುತ್ತಾರೆ. ಎರಡನೆಯ ಓಟಕ್ಕೆ ಅವಕಾಶವಿರುವುದು ಮೂವತ್ತೇ ಜನಕ್ಕೆ, ಅವಳು ಬಾಲಕ್ಕೆ ಜೋತುಬಿದ್ದ ಕೊನೆಯವಳು.

ಆದರೆ ಈ ಆಟದಲ್ಲಿ ಕೊನೆಯವಳಿಗೂ ಒಂದು ಭಾಗ್ಯವಿದೆ. ಎರಡನೆಯ ಓಟದಲ್ಲಿ ಕ್ರಮ ತಿರುಗುಮುರುಗು, ಮೂವತ್ತನೆಯವಳೇ ಮೊದಲು ಹೊರಡಬೇಕು. ಹೊಸದಾಗಿ ನೆಟ್ಟ ಕಂಬಗಳು, ಯಾರೂ ತುಳಿಯದ ಗಟ್ಟಿ ಹಿಮ. ಮಾರ್ಚ್ ತಿಂಗಳ ಬಿಸಿಲಿಗೆ ಹಿಮ ಸಡಿಲಾಗುತ್ತ ಹೋಗಿ, ಹಿಂದೆ ಬಂದವರಿಗೆಲ್ಲ ಉತ್ತ ಗದ್ದೆಯೇ ಗತಿ. ಪೊಲೋನಾಳ ಎದೆ ಹಗುರವಾಯಿತು.

ಮೇಲೆ, ಹೊರಡುವ ಗುಡಿಸಲಿನಲ್ಲಿ ಬೋಜೊ ಅವಳ ಸ್ಕೀಗಳ ಅಂಚಿಗೆ ಕೊನೆಯ ಸಲ ಅರ ಹಾಕುತ್ತಿದ್ದ. ಎಂಟು ವರ್ಷದಿಂದ ಅವಳ ಸ್ಕೀಗಳನ್ನು ನೋಡಿಕೊಳ್ಳುವವನು ಅವನು, ಮಾತು ಕಡಿಮೆ. ಕಾಲಿನಿಂದಲೇ ಒಂದು ಚೀಲವನ್ನು ಅವಳ ಕಡೆ ಸರಿಸಿದ. “ನಿಮ್ಮಮ್ಮ ಕಳ್ಸಿದಾರೆ.”

ತೆರೆದು ನೋಡಿದರೆ ಲಂಗ, ಕುಲಾವಿ. ಪೊಲೋನಾ ಅವನ ಸೊಂಟದಿಂದ ವಾಕಿಟಾಕಿ ಕಿತ್ತುಕೊಂಡಳು.

“ಸಿಲ್ವೊ ಮಾಮ, ಕೇಳಿಸ್ತಿದ್ಯಾ?”

“ಹೇಳು ಪುಟ್ಟೀ. ಹಾಕ್ಕೊಂಡ್ಯಾ?” ಅವಳಿಗೆ ಒಂಬತ್ತು ವರ್ಷವಾಗಿದ್ದಾಗಿನಿಂದ ಅವನು ಅವಳ ಕೋಚ್. ಅಪ್ಪ ತೀರಿಹೋದ ಮೇಲೆ ಅಪ್ಪನಿಗಿಂತ ಹೆಚ್ಚು. ಮೂವತ್ನಾಲ್ಕಾದರೂ ಅವನ ಬಾಯಲ್ಲಿ ಅವಳು ಪುಟ್ಟಿಯೇ.

“ಯಾರನ್ನ ಕೇಳಿ ಪೇಪರ್‌ನವ್ರಿಗೆ ಹೇಳ್ದೆ?”

“ಮೂವತ್ತನೇ ಜಾಗದಿಂದ ಏನ್ ಕಡಿದು ಕಟ್ಟೆ ಹಾಕ್ತೀಯ, ಹೇಳು? ಆ ಮಂಡಿ ನೋಡ್ಕೋ. ಊರಿಗೂರೇ ಬಂದು ನಿಂತಿದೆ ನಿನಗೋಸ್ಕರ. ನಗ್ತಾ ನಗ್ತಾ ಹೋಗೋದು ಎಲ್ಲರ ಹಣೇಲಿ ಬರ್ದಿರಲ್ಲ.”

“ನಾನು ಓಡ್ತೀನಿ. ಆ ಲಂಗ ಬೇಕಾದ್ರೆ ನೀನೇ ಉಟ್ಕೋ.”

“ಆಯ್ತು, ಆಯ್ತು. ಸಿಟ್ಟು ಮಾಡ್ಕೋಬೇಡ. ದಿಬ್ಬದ ಕೆಳಗೆ ಕಾಯ್ತಿರ್ತೀನಿ,” ಎಂದು ಅವನು ಆರಿಸಿಬಿಟ್ಟ.

ಅವಳ ಸಿಟ್ಟನ್ನು ಅವನು ಇಪ್ಪತ್ತೈದು ವರ್ಷದಿಂದ ಕಂಡವನು. ಉಕ್ಕುವ ಹಾಲಿನಂಥ ಸಿಟ್ಟು, ಒಂದು ತೊಟ್ಟು ನೀರು ಚಿಮುಕಿಸಿದರೆ ಇಳಿಯುತ್ತದೆ ಎಂದೇ ಅವನ ಲೆಕ್ಕ. ಈ ಸಲ ಪಾತ್ರೆಯೇ ಬೇರೆ ಎಂದು ಅವನಿಗೆ ಹೊಳೆಯಲಿಲ್ಲ.

ಅವಳು ಕೋಲುಗಳನ್ನು ಊರಿ ಹೊರಟಳು. ಈ ಸಲ ಸಿಟ್ಟು ಕಾಲಿಗಿಳಿದಿತ್ತು. ಮೊದಲ ಕಂಬ, ಎರಡನೆಯದು, ಮೂರನೆಯದು. ಮೊಣಕಾಲಿನ ಕಾಪು ಬಡಿದು ಕಂಬಗಳು ಚಟಚಟನೆ ಮಲಗಿ ಏಳುತ್ತಿದ್ದವು. ಅಂಚುಗಳು ಹಿಮವನ್ನು ಹಿಡಿದ ಕಡೆ ಹಿಡಿದು, ಬಿಡಬೇಕಾದಲ್ಲಿ ಬಿಡುತ್ತಿದ್ದವು. ಬಲಮಂಡಿ ಸುಮ್ಮನಿತ್ತು. ಆರನೆಯ ಕಂಬವನ್ನು ದಾಟಿದಾಗ ಅವಳಿಗೆ ಗೊತ್ತಾಯಿತು, ಇದು ಹದಿನೈದರ ಓಟವಲ್ಲ, ಹತ್ತರೊಳಗಿನ ಓಟ. ಎರಡು ವರ್ಷದಿಂದ ಹೀಗೆ ಇಳಿದಿರಲಿಲ್ಲ.

ಬೆಲ್ನೊ ಗುಡ್ಡದ ನಡುವೆ ಒಂದು ದಿಬ್ಬವಿದೆ. ಅದನ್ನು ಹತ್ತಿಳಿಯುವವರೆಗೆ ಮೇಲಿನವರಿಗೆ ಕೆಳಗಿನದು ಕಾಣದು, ಕೆಳಗಿನವರಿಗೆ ಮೇಲಿನದು ಕಾಣದು. ಕುಲಾವಿ ತೊಟ್ಟವಳು ಕೈಬೀಸಿಕೊಂಡು ಮೆಲ್ಲಗೆ ಬರುತ್ತಾಳೆಂದು ನಂಬಿಕೊಂಡು ಸಿಲ್ವೊ ಸಾರಾಯಿಯ ಬಾಟಲಿ ಒಂದು ಕೈಯಲ್ಲಿ, ಗ್ಲಾಸು ಇನ್ನೊಂದು ಕೈಯಲ್ಲಿ ಹಿಡಿದು, ಎರಡೂ ತೋಳು ಚಾಚಿ, ಆ ದಿಬ್ಬದ ಕೆಳಗೆ ಎರಡು ಕಂಬಗಳ ನಟ್ಟನಡುವೆ ನಿಂತಿದ್ದ. ಪಕ್ಕದಲ್ಲಿ ಹೂಗುಚ್ಛ ಹಿಡಿದ ಕ್ಲಬ್ಬಿನ ಅಧ್ಯಕ್ಷ. ಸಂಘಟಕರೇ ಬಿಟ್ಟುಕೊಟ್ಟಿದ್ದರು, ಬೀಳ್ಕೊಡುಗೆ ತಾನೇ ಎಂದು.

ಪೊಲೋನಾ ದಿಬ್ಬ ಹಾರಿ ಬಂದಳು. ಸಿಲ್ವೊನ ಬಾಯಿ ತೆರೆದದ್ದು ಕಂಡಿತು. ಸ್ಕೀಗಳನ್ನು ಅಡ್ಡಲಾಗಿ ತಿರುಗಿಸಿ ಅಂಚು ಕಚ್ಚಿಸಿದಳು. ಹಿಮ ಎದ್ದು ಅವನ ಮೈಮೇಲೆಲ್ಲ ಸುರಿಯಿತು. ಅವನ ಗ್ಲಾಸಿಗೂ ಅವಳ ಹೆಲ್ಮೆಟ್ಟಿಗೂ ನಡುವೆ ಒಂದು ಮೊಳ ಜಾಗ ಉಳಿದಿತ್ತು.

ದಾರಿಗೆ ಯಾರಾದರೂ ಅಡ್ಡ ಬಂದರೆ ಓಟಗಾರರು ಏನು ಮಾಡಬೇಕೆಂದು ಅವಳಿಗೆ ನಿದ್ದೆಯಲ್ಲಿ ಕೇಳಿದರೂ ಗೊತ್ತು. ಅಲ್ಲೇ ನಿಲ್ಲಬೇಕು, ಸಾಲಿನಿಂದ ಹೊರಗೆ ಸರಿಯಬೇಕು, ಕಂಬ ಕಾಯುವ ತೀರ್ಪುಗಾರರಿಗೆ ಹೇಳಬೇಕು. ಆಗ ಮರುಓಟ ಸಿಗುತ್ತದೆ. ಇನ್ನೊಂದು ಕಂಬ ದಾಟಿದರೂ ಆ ಹಕ್ಕು ಹೋಯಿತು. ಆದ್ದರಿಂದ ಅವಳು ನಿಂತಳು. ನಿಂತದ್ದೇ ತಡ, ಕೆಳಗೆ ನೆರೆದಿದ್ದ ಊರೆಲ್ಲ ಹೋ ಎಂದು ಕೂಗಿತು. ಹಸುವಿನ ಗಂಟೆಗಳನ್ನು ಅಲ್ಲಾಡಿಸಿದರು. ಬ್ಯಾಂಡು ಶುರುವಾಯಿತು. ಸಿಲ್ವೊ ಅವಳನ್ನು ಬಾಚಿ ತಬ್ಬಿಕೊಂಡ.

“ನಂಗೊತ್ತಿತ್ತು ಪುಟ್ಟೀ, ನಿಂತೇ ನಿಲ್ತೀಯ ಅಂತ! ತಗೋ, ಒಂದು ಗುಟುಕು. ಲಂಗ ಎಲ್ಲೇ?”

“ಕೈ ತೆಗಿ!”

“ಎಲ್ಲರೂ ನೋಡ್ತಿದಾರೆ ಕಣೇ…”

“ನೋಡ್ಲಿ! ಮಾನ ಮರ್ಯಾದೆ ಇದ್ಯಾ ನಿಂಗೆ? ಇಲ್ಲಿ ರೇಸ್ ನಡೀತಿದೆ, ನಿನ್ನ ಮಗಳ ಮದ್ವೆ ಅಲ್ಲ. ರೇಸ್ ಶುರುವಾದ್ಮೇಲೆ ಕಂಬದ ಸಾಲಿನೊಳಗೆ ದೇವರೇ ಬಂದ್ರೂ ಕಾಲಿಡಬಾರ್ದು ಅಂತ ಹೇಳ್ಕೊಟ್ಟೋನು ನೀನೇ ಅಲ್ವಾ? ನಿನ್ನ ಕತ್ತು ಮುರಿದಿದ್ರೆ ಏನ್ ಮಾಡ್ಬೇಕಿತ್ತು ನಾನು?” ಇಪ್ಪತ್ತೈದು ವರ್ಷದಲ್ಲಿ ಅವನ ಮೇಲೆ ಅವಳು ಹೀಗೆ ಕೂಗಿದ್ದಿಲ್ಲ. ಬ್ಯಾಂಡಿನವರಿಗೆ ಇದೊಂದೂ ಕೇಳಿಸದೆ ಅವರು ಬಾರಿಸುತ್ತಲೇ ಇದ್ದರು.

ಸಾಲಿನ ಪಕ್ಕದಲ್ಲಿ ಮಡಚುವ ಸ್ಟೂಲಿನ ಮೇಲೆ ಮಿಲ್ಕಾ ಟೀಚರ್ ಕೂತಿದ್ದರು. ಎಪ್ಪತ್ತೆಂಟು ವರ್ಷ. ಊರಿನ ಶಾಲೆಯಲ್ಲಿ ಸಿಲ್ವೊಗೂ ಪೊಲೋನಾಗೂ ಮಗ್ಗಿ ಬಾಯಿಪಾಠ ಮಾಡಿಸಿದವರು. ಈ ಗುಡ್ಡದಲ್ಲಿ ಪ್ರತಿ ವರ್ಷ ಕಂಬ ಕಾಯುವ ಕೆಲಸ ಅವರದೇ. ಪೊಲೋನಾ ಅವರ ಮುಂದೆ ಹೋಗಿ ನಿಂತಳು.

“ಟೀಚರ್, ನಂಗೆ ಅಡ್ಡ ಬಂದಿದಾರೆ. ಮರುಓಟ ಬೇಕು. ಬರ್ಕೊಳಿ.”

ಮಿಲ್ಕಾ ಟೀಚರ್ ಕನ್ನಡಕ ಸರಿಮಾಡಿಕೊಂಡು ಪೆನ್ಸಿಲ್ ತೆಗೆದರು. ಅಧ್ಯಕ್ಷ ಹೂಗುಚ್ಛದೊಂದಿಗೆ ಓಡಿಬಂದ. “ಟೀಚರ್, ಟೀಚರ್, ಸ್ವಲ್ಪ ನೋಡ್ಕೊಂಡು ಬರೀರಿ. ಟಿವಿಯವ್ರಿದಾರೆ, ಊರಿನ ಮರ್ಯಾದೆ ಪ್ರಶ್ನೆ. ಸಿಲ್ವೊನ ಕೋಚ್ ಪಾಸ್ ಕಿತ್ಕೋತಾರೆ. ಅವ್ಳೇ ತಾನಾಗಿ ನಿಂತಳು ಅಂತ ಬರೆದ್ರೆ ಯಾರಿಗೂ ತೊಂದ್ರೆ ಇಲ್ಲ.”

“ನಾನು ನೋಡ್ಕೊಂಡೇ ಬರೀತಿರೋದು,” ಎಂದರು ಟೀಚರ್. “ಸಾಲಿನೊಳಗೆ ಎರಡು ಹೆಜ್ಜೆ. ಕೈಯಲ್ಲಿ ಬಾಟಲಿ. ಮೂವತ್ತೆಂಟು ವರ್ಷ ಮಾರ್ಕ್ಸ್‌ಕಾರ್ಡ್ ಬರ್ದಿದೀನಪ್ಪಾ, ಊರಿನ ಮರ್ಯಾದೆಗೆ ಅಂತ ಯಾರಿಗೂ ಒಂದು ಮಾರ್ಕ್ಸ್ ಜಾಸ್ತಿ ಹಾಕಿಲ್ಲ. ನಿಂಗಂತೂ ಹಾಕೇ ಇಲ್ಲ, ನಿಂಗೇ ಗೊತ್ತು.”

ಬರೆದ ಮೇಲೆ ಬರೆದದ್ದೇ. ತೀರ್ಪುಗಾರರ ಮಂಡಳಿ ಹತ್ತು ನಿಮಿಷ ಗುಸುಗುಸು ಮಾಡಿ ಮರುಓಟ ಕೊಟ್ಟಿತು. ಆದರೆ ಕೊಟ್ಟ ಕೈಯಲ್ಲೇ ಕಿತ್ತುಕೊಂಡಿತು. ನೇರಪ್ರಸಾರದ ವೇಳೆ ಕೆಡುತ್ತದಂತೆ, ಆದ್ದರಿಂದ ಉಳಿದ ಇಪ್ಪತ್ತೊಂಬತ್ತು ಜನ ಇಳಿದಾದ ಮೇಲೆ ಪೊಲೋನಾ ಇಳಿಯಬೇಕಂತೆ. ಯಾರೂ ತುಳಿಯದ ಹಿಮ ಅವಳದಾಗಿತ್ತು, ಈಗ ಎಲ್ಲರೂ ತುಳಿದ ಹಿಮ ಅವಳ ಪಾಲಿಗೆ ಬಂತು. ತನ್ನ ಹೆಸರಿನ ಲಿಫ್ಟಿನಲ್ಲಿ ಒಬ್ಬಳೇ ಕೂತು ಮತ್ತೆ ಮೇಲಕ್ಕೆ ಹೋಗುವಾಗ ಅವಳು ಆ ‘ಧನ್ಯವಾದಗಳು’ ಬ್ಯಾನರಿನ ಮೂಲೆಗೆ ಕೋಲಿನಿಂದ ಒಂದು ಕುಟ್ಟಿದಳು. ಹರಿಯಲಿಲ್ಲ. ಗಟ್ಟಿ ಬಟ್ಟೆ.

ಮೇಲೆ ಮುಕ್ಕಾಲು ಗಂಟೆ ಕಾಯಬೇಕಿತ್ತು. ಒಬ್ಬೊಬ್ಬರೇ ಹೊರಡುತ್ತಿದ್ದರು. ಸೂರ್ಯ ನೆತ್ತಿಯ ಮೇಲೆ, ಹಿಮ ನೆನೆದ ಸಕ್ಕರೆಯಂತಾಗಿತ್ತು. ಪೊಲೋನಾ ಗೋಡೆಗೆ ಒರಗಿ ಮಂಡಿ ನೀವಿಕೊಳ್ಳುತ್ತ, ಸಿಲ್ವೊನ ಹೆಸರು ಹಿಡಿದು ಬೈಯುತ್ತಲೇ ಇದ್ದಳು. ಬೋಜೊಗೆ ಕೇಳಲಾಗಲಿಲ್ಲ.

“ಬಿಡು ಅತ್ಲಾಗೆ. ಅವನಿಗೂ ಹೇಗೆ ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ.”

“ಏನನ್ನ?”

ಬೋಜೊ ಅರವನ್ನು ಕೆಳಗಿಟ್ಟ. “ಅಯ್ಯೋ. ನಿಂಗೆ ಹೇಳಿಲ್ವಾ ಅವ್ನು?”

“ಬೋಜೊ, ಏನನ್ನ?”

“ಏಪ್ರಿಲ್‌ನಿಂದ ಅವ್ನು ಜೂನಿಯರ್ ಹುಡುಗೀರ ಕೋಚ್. ಜನವರೀಲೇ ಸಹಿ ಹಾಕಿದಾನೆ. ಎಲ್ಲರಿಗೂ ಗೊತ್ತು. ನಿಂಗೂ ಗೊತ್ತಿರುತ್ತೆ ಅಂದ್ಕೊಂಡೆ.”

ಪೊಲೋನಾ ಮಂಡಿ ನೀವುವುದನ್ನು ನಿಲ್ಲಿಸಿದಳು. ಜನವರಿಯಿಂದ ಮಾರ್ಚ್‌ವರೆಗೆ ಒಂದೇ ವ್ಯಾನಿನಲ್ಲಿ ಅರ್ಧ ಯೂರೋಪು ಸುತ್ತಿದ್ದರು. ಒಂದೇ ಥರ್ಮಾಸಿನ ಚಹಾ ಹಂಚಿಕೊಂಡಿದ್ದರು. ಅವನು ಒಂದು ಮಾತು ಆಡಿರಲಿಲ್ಲ. ಹೊರಟವನು ಅವನು. ಬಿಟ್ಟುಹೋಗುತ್ತೇನೆ ಎಂದು ಅವಳ ಮುಖ ನೋಡಿ ಹೇಳಲು ಬಾಯಿ ಬಾರದೆ, ಅವಳೇ ಹೊರಟಳೆಂದು ಊರಿಗೆಲ್ಲ ಡಂಗುರ ಹೊಡೆಸಿದ್ದ. ಅಳು ಬಂತು, ಅದನ್ನು ಸ್ಕೀ ಕನ್ನಡಕದ ಹಿಂದೆಯೇ ಒತ್ತಿ ಹಿಡಿದಳು. ಬೇಡವೆನಿಸಿದ್ದರೆ ಬೇಡ ಎನ್ನಬಹುದಿತ್ತಲ್ಲ, ಒಂದು ದಿನ ಜಗಳವಾಡಿ ಅವಳೇ ಅವನಿಗೆ ಕೇಕು ತಂದುಕೊಡುತ್ತಿದ್ದಳು.

ಚೀಲದಿಂದ ಕುಲಾವಿಯನ್ನು ತೆಗೆದು ನಾಲ್ಕಾಗಿ ಮಡಿಸಿದಳು. ಗಂಜಿ ಪಟಪಟನೆ ಮುರಿಯಿತು. ಅದನ್ನು ರೇಸಿನ ಉಡುಪಿನೊಳಗೆ, ಎದೆಯ ಹತ್ತಿರ ತುರುಕಿ ಜಿಪ್ಪು ಎಳೆದಳು.

“ಅದ್ಯಾಕೆ?” ಎಂದ ಬೋಜೊ.

“ಕೆಳಗೆ ಬೇಕಾಗುತ್ತೆ. ಎಷ್ಟಾಗಿದೆ ಹೇಳು.”

ಬೋಜೊ ವಾಕಿಟಾಕಿಗೆ ಕಿವಿಕೊಟ್ಟು ಬೆರಳೆಣಿಸಿದ. ಕೆಟ್ಟ ಹಿಮದಲ್ಲಿ ಎಂಟು ಜನ ಬಿದ್ದಿದ್ದರು ಇಲ್ಲವೇ ಕಂಬ ತಪ್ಪಿಸಿದ್ದರು. “ಐವತ್ಮೂರು ಸೆಕೆಂಡಿನೊಳಗೆ ಇಳಿದ್ರೆ ಹದಿನೈದು. ಆದ್ರೆ ದಾರಿ ಹಾಳಾಗಿಹೋಗಿದೆ. ಮೊಣಕಾಲುದ್ದ ಗುಂಡಿ.”

“ಗುಂಡಿ ಹೊಸದಾ ನಂಗೆ?”

ನಿಜವೇ. ಬೆಲ್ನೊ ತಗ್ಗಿನ ಊರು, ಒಳ್ಳೆಯ ಹಿಮ ಅಲ್ಲಿ ಯಾವ ಕಾಲಕ್ಕೂ ನಿಂತದ್ದಿಲ್ಲ. ದೊಡ್ಡ ಬೆಟ್ಟದ ಮಕ್ಕಳು ಗಾಜಿನಂಥ ಹಿಮದಲ್ಲಿ ಕಲಿಯುವಾಗ ಪೊಲೋನಾ ಕಲಿತದ್ದು ಇದೇ ಕೆಸರುಹಿಮದಲ್ಲಿ, ಕಲ್ಲು ಹುಲ್ಲು ಇಣುಕುವ ಗುಂಡಿಗಳಲ್ಲಿ. ಕಲಿಸಿದವನು ಸಿಲ್ವೊ. ಅದನ್ನು ನೆನೆದು ಅವಳ ಸಿಟ್ಟು ಇನ್ನಷ್ಟು ಏರಿತು.

ಅವಳು ಹೊರಟಾಗ ಕೆಳಗೆ ಗೆದ್ದವಳನ್ನು ಆಗಲೇ ಹೆಗಲ ಮೇಲೆ ಎತ್ತಿಕೊಂಡಿದ್ದರು. ಜನ ಸಾಸೇಜಿನ ಅಂಗಡಿಗಳ ಮುಂದೆ ಸಾಲು ನಿಂತಿದ್ದರು. ಬ್ಯಾಂಡಿನವರು ತುತ್ತೂರಿಗಳನ್ನು ಪೆಟ್ಟಿಗೆಗೆ ಹಾಕುತ್ತಿದ್ದರು. ಯಾರೂ ಗುಡ್ಡದ ಕಡೆ ನೋಡುತ್ತಿರಲಿಲ್ಲ. ಖಾಲಿ ಗುಡ್ಡ, ಬಿಸಿಲು, ಗುಂಡಿಗಳು. ಮೊದಲ ಗುಂಡಿಯಲ್ಲಿ ಮಂಡಿ ಕಿರುಚಿತು. ಎರಡನೆಯದರಲ್ಲಿ ಅವಳು ಗುಂಡಿಯ ಜೊತೆ ಗುದ್ದಾಡುವುದನ್ನು ಬಿಟ್ಟು ಅದರ ಗೋಡೆಯನ್ನೇ ಒದ್ದು ಮುಂದಕ್ಕೆ ಹಾರಿದಳು. ಹನ್ನೆರಡು ವರ್ಷದವಳಾಗಿದ್ದಾಗ ಹಾಗೇ ಮಾಡುತ್ತಿದ್ದಳು. ಒಮ್ಮೆ ಬಲಗೈ ಹಿಮಕ್ಕೆ ತಾಗಿತು, ಸೊಂಟ ನೆಲಕ್ಕೆ ಬಿತ್ತೆನ್ನುವಷ್ಟರಲ್ಲಿ ಎದ್ದಳು. ದಿಬ್ಬ ಹಾರಿದಾಗ ಕಂಬಗಳ ನಡುವೆ ಯಾರೂ ಇರಲಿಲ್ಲ. ಮಿಲ್ಕಾ ಟೀಚರ್ ಮಾತ್ರ ಸ್ಟೂಲಿನಿಂದ ಎದ್ದು ನಿಂತಿದ್ದರು. ಕೊನೆಯ ಹತ್ತು ಕಂಬಗಳಲ್ಲಿ ಅವಳಿಗೆ ಉಸಿರಿರಲಿಲ್ಲ, ಬರೀ ಹಟವಿತ್ತು.

ಗೆರೆ ದಾಟಿ ಬೇಲಿಯ ಮೆತ್ತೆಗೆ ಹೋಗಿ ಬಿದ್ದಳು. ತಲೆ ಎತ್ತಿ ಫಲಕ ನೋಡಿದಳು. ಐವತ್ತೆರಡು ಪಾಯಿಂಟ್ ತೊಂಬತ್ತಾರು ಸೆಕೆಂಡು. ಪಕ್ಕದಲ್ಲಿ ಹದಿನೈದು.

ಮೈಕಿನವನ ದನಿ ಮೊಳಗಿತು. “ನೋಡಿ, ನೋಡಿ, ನಮ್ಮ ಪೊಲೋನಾ! ನಾವು ಹೇಳಿರ್ಲಿಲ್ವಾ, ಇನ್ನೂ ಮುಗ್ದಿಲ್ಲ ಅಂತ!” ಜನ ಕೈಯಲ್ಲಿ ಸಾಸೇಜು ಹಿಡಿದುಕೊಂಡೇ ಓಡಿಬಂದರು. ಬೆಳಗ್ಗೆ ಬಿಕ್ಕಿದ್ದ ಮಾಂಸದಂಗಡಿಯವನು ಈಗ ಕುಣಿಯುತ್ತಿದ್ದ. ಅಧ್ಯಕ್ಷ ಅದೇ ಹೂಗುಚ್ಛವನ್ನು, ಸ್ವಲ್ಪ ಬಾಡಿದ್ದನ್ನು, ಮತ್ತೆ ನೀಡಿದ. ಗಾಳಿ ಬಂದಾಗ ತೂರಿಕೊಳ್ಳುವುದರಲ್ಲಿ ಬೆಲ್ನೊದವರನ್ನು ಮೀರಿಸುವವರು ಆಲ್ಪ್ಸ್‌ನ ಯಾವ ಕಣಿವೆಯಲ್ಲೂ ಸಿಗಲಾರರು.

ಜನರನ್ನು ಸೀಳಿಕೊಂಡು ಸಿಲ್ವೊ ಬಂದ. ಕೊರಳಲ್ಲಿ ಪಾಸು ಇರಲಿಲ್ಲ, ಕಿತ್ತುಕೊಂಡಿದ್ದರು. ಕೈಯಲ್ಲಿ ಅದೇ ಬಾಟಲಿ, ಅದೇ ಗ್ಲಾಸು. ಕಣ್ಣು ಕೆಂಪಗಿತ್ತು.

“ತಪ್ಪಾಯ್ತು ಪುಟ್ಟೀ. ಆ ಗುಂಡೀಲಿ ನೀನು ಒದ್ದು ಬಂದ್ಯಲ್ಲ, ನಾನು ಹೇಳ್ಕೊಟ್ಟಿದ್ದು ಅದು. ತಗೋ, ಈಗಾದ್ರೂ ಒಂದು ಗುಟುಕು.”

ಪೊಲೋನಾ ಹೆಲ್ಮೆಟ್ ತೆಗೆದು ಬೇಲಿಯ ಮೇಲಿಟ್ಟಳು. ಜಿಪ್ಪು ಇಳಿಸಿ ಕುಲಾವಿಯನ್ನು ಹೊರಗೆಳೆದಳು. ಬೆವರಿಗೆ ಒದ್ದೆಯಾಗಿ ಅದು ಮುದುಡಿತ್ತು. ಅದನ್ನು ಕೊಡವಿ ಸಿಲ್ವೊನ ಬೋಳುತಲೆಯ ಮೇಲೆ ಇಟ್ಟಳು. ಎರಡೂ ಪಟ್ಟಿಗಳನ್ನು ಅವನ ಗದ್ದದ ಕೆಳಗೆ ಎಳೆದು, ಚಿಕ್ಕ ಮಗುವಿಗೆ ಕಟ್ಟುವ ಹಾಗೆ, ಗಂಟು ಹಾಕಿದಳು. ಸುತ್ತಲಿನ ಜನ ಬಿದ್ದು ಬಿದ್ದು ನಕ್ಕರು. ಬ್ಯಾಂಡಿನವನೊಬ್ಬ ಪೆಟ್ಟಿಗೆಯಿಂದ ತುತ್ತೂರಿ ಮತ್ತೆ ತೆಗೆದ.

“ಕುಡಿ,” ಎಂದಳು ಅವಳು. “ಇದು ನಿನ್ನ ಗ್ಲಾಸು. ಇವತ್ತು ಹೊರಟಿರೋದು ನೀನು.”

ಸಿಲ್ವೊ ನಗಲಿಲ್ಲ. “ಬೋಜೊ ಹೇಳಿದ್ನಾ?”

“ನೀನು ಹೇಳ್ಬೇಕಿತ್ತು, ಮಾಮ.”

ಅವಳು ಸ್ಕೀಗಳನ್ನು ಹೆಗಲಿಗೇರಿಸಿಕೊಂಡು ಹೊರಟಳು. ಜನ ದಾರಿ ಬಿಟ್ಟರು. ಹಿಂದೆ ಬ್ಯಾಂಡು ಬೀಳ್ಕೊಡುಗೆಯ ಹಾಡು ಶುರುಮಾಡಿತು. ಕುಲಾವಿ ಕಟ್ಟಿಕೊಂಡ ಸಿಲ್ವೊ ಗ್ಲಾಸನ್ನು ಒಂದೇ ಗುಟುಕಿಗೆ ಖಾಲಿ ಮಾಡಿ, ಗದ್ದದ ಗಂಟನ್ನು ಬಿಚ್ಚಲು ಹೋಗದೆ ಅಲ್ಲೇ ನಿಂತಿದ್ದ.